ಬ್ಯಾಗ್ ಹಿಡಿಯೋದೂ ಕಲಿಕೆಯಾ?

ಪ್ರಶ್ನೆ: ವಕೀಲಿ ಸನ್ನದು ಸಿಕ್ಕಿ ಎಂಟು ತಿಂಗಳಾಯಿತು. ಒಬ್ಬ ಸೀನಿಯರ್ ಕೈಕೆಳಗೆ ಇದ್ದೇನೆ. ಬೆಳಿಗ್ಗೆ ಅವರ ಬ್ಯಾಗ್ ಹಿಡಿದು ಕೋರ್ಟಿಗೆ ಹೋಗೋದು, ಕೇಸ್ ಕೂಗಿದಾಗ ಎದ್ದು ಡೇಟ್ ಕೇಳೋದು, ಸಂಜೆ ಡೈರಿ ಬರೆಯೋದು, ಇಷ್ಟೇ. ಜೊತೆಗೆ ಓದಿದ ಇಬ್ಬರು ಆಗಲೇ ಸ್ವಂತ ಬೋರ್ಡ್ ಹಾಕಿದ್ದಾರೆ. ನಾನೂ ಹೊರಗೆ ಬರಲಾ?
– ಯುವ ವಕೀಲೆ, ದಾವಣಗೆರೆ

ಉತ್ತರ: ಕಾನೂನು ನಿಮ್ಮನ್ನು ತಡೆಯೋದಿಲ್ಲ. 1961ರ ವಕೀಲರ ಕಾಯ್ದೆಯಲ್ಲಿ ಮೊದಲು ತರಬೇತಿಯ ಷರತ್ತು ಇತ್ತು, 1973ರ ತಿದ್ದುಪಡಿಯಲ್ಲಿ ಅದು ಹೋಯಿತು. 1995ರಲ್ಲಿ ಬಾರ್ ಕೌನ್ಸಿಲ್ ಒಂದು ವರ್ಷದ ತರಬೇತಿಯನ್ನು ವಾಪಸ್ ತರಲು ನೋಡಿತು. 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ರದ್ದು ಮಾಡಿತು. ಹಾಗಾಗಿ ಬಾರ್ ಪರೀಕ್ಷೆ ಪಾಸಾಗಿದ್ದರೆ ನಾಳೆಯೇ ಬೋರ್ಡ್ ಹಾಕಬಹುದು.

ಆದರೆ ನನ್ನದೊಂದು ಕಥೆ ಕೇಳಿ. ಮೊದಲ ವರ್ಷ ಒಂದು ಹೊಲದ ತಡೆಯಾಜ್ಞೆ ದಾವೆ ಬರೆದಿದ್ದೆ. ಕ್ರಯಪತ್ರ ನೋಡಿ ಚಕ್ಕುಬಂದಿ, ಅಂದರೆ ಹೊಲದ ನಾಲ್ಕೂ ದಿಕ್ಕಿನ ಗಡಿ, ಇಳಿಸಿಕೊಳ್ಳುವಾಗ ಪೂರ್ವಕ್ಕಿದ್ದ ಹಳ್ಳವನ್ನು ಪಶ್ಚಿಮಕ್ಕೆ ಹಾಕಿಬಿಟ್ಟಿದ್ದೆ. ರಾತ್ರಿ ಒಂಬತ್ತು ಗಂಟೆ, ಊಟವೂ ಆಗಿಲ್ಲ. ಸೀನಿಯರ್ ಒಂದು ಹಾಳೆ ಮುಂದೆ ತಳ್ಳಿ, ‘ಹೊಲ ಬರಿ. ಈಗ ನಡುವೆ ನಿಂತ್ಕೋ. ಸೂರ್ಯ ಎಲ್ಲಿ ಹುಟ್ತಾನೆ?’ ಅಂದರು. ನಾನು ತೋರಿಸಿದೆ. ‘ಹಳ್ಳ ಎಲ್ಲಿದೆ?’ ಅಂದರು. ಅಲ್ಲಿಗೆ ಗೊತ್ತಾಯಿತು. ಹಾಗೇ ಫೈಲ್ ಆಗಿ, ವಿಚಾರಣೆ ಶುರುವಾದ ಮೇಲೆ ಎದುರಿನವರು ಹಿಡಿದಿದ್ದರೆ ತಿದ್ದುಪಡಿ ಅರ್ಜಿ ಹಾಕಿ, ಇಷ್ಟು ದಿನ ಯಾಕೆ ಕಣ್ಣಿಗೆ ಬೀಳಲಿಲ್ಲ ಅಂತ ನ್ಯಾಯಾಧೀಶರಿಗೆ ವಿವರಿಸುತ್ತಾ ಕೂರಬೇಕಿತ್ತು. ಇವತ್ತಿಗೂ ಚಕ್ಕುಬಂದಿ ಬರೆಯುವ ಮುಂಚೆ ಹಾಳೆ ಮೇಲೆ ಹೊಲ ಬರೆದುಕೊಳ್ಳುತ್ತೇನೆ.

ಸ್ವಂತ ಬೋರ್ಡ್ ಹಾಕಿದವರಿಗೆ ಹೀಗೆ ಹಾಳೆ ತಳ್ಳುವವರು ಯಾರಿದ್ದಾರೆ?

ನೀವೂ ಸುಮ್ನೆ ಕೂರಬೇಡಿ. ಡೇಟ್ ಕೇಳುವ ಮುಂಚೆ ಆ ಫೈಲ್ ಯಾವ ಹಂತದಲ್ಲಿದೆ, ಯಾಕೆ ಮುಂದಕ್ಕೆ ಹೋಗುತ್ತಿದೆ ಅಂತ ಓದಿಕೊಳ್ಳಿ. ಸೀನಿಯರ್ ಎದುರಿನವರ ಸಾಕ್ಷಿಗೆ ಪಾಟೀಸವಾಲು ಮಾಡುವಾಗ ಪಕ್ಕದಲ್ಲಿ ಕೂತು, ನೀವಾಗಿದ್ದರೆ ಏನೇನು ಕೇಳುತ್ತಿದ್ದಿರಿ ಅಂತ ಬರೆಯುತ್ತಾ ಹೋಗಿ. ಆಮೇಲೆ ನೋಡಿದರೆ ನಿಮ್ಮ ಪಟ್ಟಿಯಲ್ಲಿ ಇಪ್ಪತ್ತು ಇರುತ್ತವೆ, ಅವರು ಕೇಳಿದ್ದು ಆರು. ಉಳಿದ ಹದಿನಾಲ್ಕನ್ನು ಯಾಕೆ ಬಿಟ್ಟರು ಅಂತ ವಾಪಸ್ ಬರುವಾಗ ಕಾರಿನಲ್ಲಿ ಕೇಳಿ. ಯಾವ ಪ್ರಶ್ನೆ ಕೇಳಬಾರದು ಅನ್ನೋದು ಪುಸ್ತಕದಲ್ಲಿ ಸಿಗೋದಿಲ್ಲ.

ವರ್ಷ ತುಂಬಿದ ಮೇಲೂ ಒಂದು ದಾವೆ ಬರೆಯಲು ಕೊಡಲಿಲ್ಲ, ಒಬ್ಬ ಸಾಕ್ಷಿಯನ್ನು ಮುಟ್ಟಲು ಬಿಡಲಿಲ್ಲ ಅಂದರೆ ಆ ಆಫೀಸು ಬಿಡಿ. ಇನ್ನೊಬ್ಬರ ಹತ್ತಿರ ಸೇರಿ. ಬೋರ್ಡಿಗೆ ಇನ್ನೂ ಟೈಮ್ ಇದೆ.

ಪ್ರಶ್ನೆ: ಇಪ್ಪತ್ತೈದು ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಮೂವರು ಜೂನಿಯರ್‌ಗಳಿಗೆ ಕಲಿಸಿದೆ. ಮೂವರೂ ಹೋದರು, ಒಬ್ಬನಂತೂ ನನ್ನ ಕಕ್ಷಿದಾರರನ್ನೂ ಕರೆದುಕೊಂಡು ಹೋದ. ಇದರಿಂದ ನನಗೇನು ಲಾಭ?
– ವಕೀಲರು, ಹುಬ್ಬಳ್ಳಿ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ಒಂದು ಮಾತು ಕೇಳುತ್ತೇನೆ. 2024ರ ಜುಲೈ 1ಕ್ಕೆ ಹೊಸ ಕ್ರಿಮಿನಲ್ ಕಾನೂನುಗಳು ಬಂದವಲ್ಲ, ನಿಮಗೆ ಕಲಂ ನಂಬರ್‌ಗಳನ್ನು ಹೇಳಿಕೊಟ್ಟವರು ಯಾರು? ನನಗಂತೂ ಜೂನಿಯರ್. ನಮ್ಮ ನಾಲಿಗೆಗೆ 302, 420 ಅಂಟಿಕೊಂಡಿವೆ. ಈಗ ಕೊಲೆಗೆ 103, ವಂಚನೆಗೆ 318. ಎಲ್ಲಕ್ಕಿಂತ ಕಾಟ ಕೊಡೋದು 482. ನಮಗೆ 482 ಅಂದರೆ ಹೈಕೋರ್ಟಿಗೆ ಹೋಗಿ ಎಫ್‌ಐಆರ್ ರದ್ದು ಮಾಡಿಸೋದು, ಅಲ್ವಾ? ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482 ಅಂದರೆ ನಿರೀಕ್ಷಣಾ ಜಾಮೀನು, ರದ್ದತಿ 528ಕ್ಕೆ ಹೋಗಿದೆ. ಒಂದು ನಿರೀಕ್ಷಣಾ ಜಾಮೀನು ಅರ್ಜಿಗೆ ನಾನು ಅಭ್ಯಾಸಬಲದಿಂದ ಹಳೇ ಕಲಂ 438 ಅಂತಲೇ ಬರೆಸುತ್ತಿದ್ದೆ. ಟೈಪ್ ಮಾಡುತ್ತಿದ್ದ ಹುಡುಗಿ ನನ್ನನ್ನು ಕೇಳದೆ 482 ಅಂತ ಹೊಡೆದಳು. ನಾನು ಬೈದೆ. ಅವಳು ಪುಸ್ತಕ ತಂದು ತೆರೆದಿಟ್ಟಳು, ಏನೂ ಮಾತಾಡಲಿಲ್ಲ.

ಇನ್ನೊಂದು ಸಲ ಚೆಕ್ ಬೌನ್ಸ್ ದೂರು ಬರೆಸುತ್ತಿದ್ದೆ. ಕಕ್ಷಿದಾರ ತಲೆ ಮೇಲೆ ಕೂತಿದ್ದ, ನನಗೂ ಅವಸರ. ‘ನೋಟಿಸ್ ತಲುಪಿ ಹದಿನೈದು ದಿನ ಆಯ್ತಾ ಸರ್?’ ಅಂತ ಜೂನಿಯರ್ ಕೇಳಿದ. ಹನ್ನೆರಡೇ ಆಗಿತ್ತು! ಆವತ್ತೇ ಫೈಲ್ ಮಾಡಿದ್ದರೆ ದೂರೇ ನಿಲ್ಲುತ್ತಿರಲಿಲ್ಲ. ನಾವು ನೂರಾರು ಸಲ ಮಾಡಿದ ಕೆಲಸದಲ್ಲಿ ದಿನ ಎಣಿಸೋದನ್ನೇ ಬಿಟ್ಟಿರುತ್ತೇವೆ. ಹೊಸಬ ಬೆರಳು ಮಡಚಿ ಎಣಿಸುತ್ತಾನೆ. ಅವನಿಗೆ ಫೈಲ್ ವಿವರಿಸುವಾಗಲೇ ನಮ್ಮ ಕೇಸಿನ ತೂತು ನಮಗೆ ಕಾಣೋದು.

ಕಕ್ಷಿದಾರರನ್ನು ಕರೆದುಕೊಂಡು ಹೋಗಿದ್ದು ತಪ್ಪೇ, ಅದಕ್ಕೆ ನಾನು ಸಮಜಾಯಿಷಿ ಕೊಡೋದಿಲ್ಲ. ಆದರೆ ಉಳಿದ ಇಬ್ಬರು ಎಲ್ಲಿದ್ದಾರೆ? ನನ್ನ ಹತ್ತಿರ ಕಲಿತು ತಾಲ್ಲೂಕಿಗೆ ಹೋದ ಒಬ್ಬ, ಅಲ್ಲಿನ ಮೇಲ್ಮನವಿಗಳನ್ನು ಈಗ ನನಗೇ ಕಳಿಸುತ್ತಾನೆ. ನಿಮಗಂತೂ ಪಕ್ಕದಲ್ಲೇ ಹೈಕೋರ್ಟಿನ ಧಾರವಾಡ ಪೀಠ ಇದೆ. ಆ ಇಬ್ಬರಿಗೂ ಒಮ್ಮೆ ಫೋನ್ ಮಾಡಿ ನೋಡಿ.

ಪ್ರಶ್ನೆ: ಸೀನಿಯರ್ ತಿಂಗಳಿಗೆ ಎಷ್ಟು ಕೊಡಬೇಕು? ಕೇಳಿದರೆ ‘ನಿನಗೆ ಕಲಿಸೋದೇ ಸಂಬಳ’ ಅನ್ನುತ್ತಾರೆ.
– ಹೆಸರು ಬೇಡ, ತುಮಕೂರು

ಉತ್ತರ: 2024ರ ಅಕ್ಟೋಬರ್‌ನಲ್ಲಿ ಭಾರತೀಯ ಬಾರ್ ಕೌನ್ಸಿಲ್ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಸುತ್ತೋಲೆ ಕಳಿಸಿತು. ಅದು ಸಲಹೆ, ಕಡ್ಡಾಯವಲ್ಲ. ಸಣ್ಣ ಊರಿನ ಎಷ್ಟೋ ಆಫೀಸುಗಳಲ್ಲಿ ಇವತ್ತಿಗೂ ಪೆಟ್ರೋಲ್ ಖರ್ಚಷ್ಟೇ ಸಿಗೋದು. ಕಲಿಸೋದು ಸಂಬಳ ಅನ್ನುವ ಮಾತನ್ನು ನಾನು ಒಪ್ಪೋದಿಲ್ಲ. ರೂಮಿನ ಬಾಡಿಗೆ ಕೇಳಲು ಬಂದ ಓನರ್‌ಗೆ ಪಾಟೀಸವಾಲಿನ ನೋಟ್ಸ್ ಕೊಡೋಕಾಗುತ್ತಾ? ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಕಾನೂನು ಪದವೀಧರರ ತರಬೇತಿ ಭತ್ಯೆಯ ಬಗ್ಗೆ ನಿಮ್ಮ ಜಿಲ್ಲೆಯ ಸಮಾಜ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಇಲ್ಲವಾದರೆ ನೀವೇ ಓಡಾಡಿ ಮುಗಿಸಿದ ನಾಲ್ಕು ಕೇಸುಗಳ ಹೆಸರು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ಹೋಗೋದು ಶನಿವಾರ ಸಂಜೆ ಆಗಲಿ, ಕಕ್ಷಿದಾರರು ಎದ್ದು ಹೋದ ಮೇಲೆ.