ತನ್ನ ದೇಹವನ್ನೇ ಅಧ್ಯಯನಕ್ಕೆ ಒಡ್ಡಿದ ರಾಬರ್ಟ್ ಮರ್ಫಿ

ಅಂಗವೈಕಲ್ಯವನ್ನು ಮಾನವಶಾಸ್ತ್ರದ ಕಣ್ಣಿನಿಂದ ನೋಡಲು ಕಲಿಸಿದವರಲ್ಲಿ ಯಾರನ್ನು ಮೊದಲು ಓದಬೇಕು ಎಂದು ಕೇಳಿದ್ದೀರಿ. ನನ್ನ ಉತ್ತರ ರಾಬರ್ಟ್ ಮರ್ಫಿ.

ಮುಂದೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದ ಪ್ರಾಧ್ಯಾಪಕರಾದ ಅವರು 1950ರ ದಶಕದ ಆರಂಭದಲ್ಲಿ ಪತ್ನಿ ಯೋಲಾಂಡಾ ಅವರೊಂದಿಗೆ ಬ್ರೆಜಿಲ್‌ನ ಅಮೆಜಾನ್ ಕಾಡಿನಲ್ಲಿದ್ದು ಮುಂಡುರುಕು ಜನರ ಬದುಕನ್ನು ಅಧ್ಯಯನ ಮಾಡಿದ್ದರು. 1970ರ ದಶಕದಲ್ಲಿ ಅವರ ಬೆನ್ನುಹುರಿಯಲ್ಲಿ ಗಡ್ಡೆಯಿರುವುದು ತಿಳಿಯಿತು. ಅದು ವರ್ಷ ಕಳೆದಂತೆ ಕೈಕಾಲುಗಳ ಬಲವನ್ನೆಲ್ಲ ಕಸಿಯಿತು. ಗಾಲಿಕುರ್ಚಿಯಲ್ಲಿ ಕುಳಿತೇ ಪಾಠ ಹೇಳಿದರು. ಕಾಯಿಲೆಯನ್ನೂ ಒಂದು ದೀರ್ಘ ಕ್ಷೇತ್ರಕಾರ್ಯವೆಂದೇ, ಅಂದರೆ ಜನರ ನಡುವೆಯೇ ಇದ್ದು ಮಾಡುವ ಅಧ್ಯಯನವೆಂದೇ ಎಣಿಸಿ ಬರೆದ 'ದ ಬಾಡಿ ಸೈಲೆಂಟ್' 1987ರಲ್ಲಿ ಪ್ರಕಟವಾಯಿತು.

ಅವರನ್ನು ನಾನು ಗೌರವಿಸುವುದು ಕಷ್ಟ ಸಹಿಸಿದರೆಂಬ ಕಾರಣಕ್ಕಲ್ಲ, ಆ ಕಷ್ಟದ ನಡುವೆಯೂ ಸುತ್ತಲಿನ ಸಮಾಜವನ್ನು ನೋಡುವುದನ್ನು ಬಿಡಲಿಲ್ಲವೆಂಬುದಕ್ಕೆ. ಹಳೆಯ ಪರಿಚಿತರು ಏಕೆ ದೃಷ್ಟಿ ತಪ್ಪಿಸುತ್ತಾರೆ, ಮಾತನಾಡಿಸುವವರು ಏಕೆ ತಡವರಿಸುತ್ತಾರೆ ಎಂಬುದನ್ನೆಲ್ಲ ಅವರು ಗಮನಿಸಿದರು. ದೇಹಕ್ಕೆ ಆದ ಪೆಟ್ಟಿನಷ್ಟೇ ಆಳವಾದದ್ದು ಸಂಬಂಧಗಳಿಗೆ ಆಗುವ ಪೆಟ್ಟು ಎಂಬ ತೀರ್ಮಾನಕ್ಕೆ ಬಂದರು.

ಇಲ್ಲಿಯೇ ಅವರ ಮುಖ್ಯ ಕೊಡುಗೆ ಇರುವುದು. ಬಾಲ್ಯದಿಂದ ಪ್ರಾಯಕ್ಕೆ ದಾಟಿಸುವಂಥ ಸಂಸ್ಕಾರಗಳಲ್ಲಿ ಒಂದು ನಡುಹಂತ ಇರುತ್ತದೆ. ಅದರಲ್ಲಿರುವವನು ಹಿಂದಿನ ಸ್ಥಾನವನ್ನು ಕಳೆದುಕೊಂಡಿರುತ್ತಾನೆ, ಹೊಸದು ಇನ್ನೂ ಸಿಕ್ಕಿರುವುದಿಲ್ಲ. 1909ರಲ್ಲಿ ಜನಾಂಗ ಅಧ್ಯಯನಕಾರ ಆರ್ನಾಲ್ಡ್ ವಾನ್ ಗೆನೆಪ್ ಗುರುತಿಸಿದ, ಬಳಿಕ ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ಬೆಳೆಸಿದ ಈ ವಿಚಾರವನ್ನು ಮರ್ಫಿ ಅಂಗವಿಕಲರ ಸ್ಥಿತಿಗೆ ಅನ್ವಯಿಸಿದರು. ಅಂಗವಿಕಲ ವ್ಯಕ್ತಿ ರೋಗಿಯೂ ಅಲ್ಲ, ಸಮಾಜದ ಲೆಕ್ಕದಲ್ಲಿ ಆರೋಗ್ಯವಂತನೂ ಅಲ್ಲ. ಸಮಾಜದ ಹೊರಗೂ ಇಲ್ಲ, ಪೂರ್ತಿ ಒಳಗೂ ಇಲ್ಲ. ಸಂಸ್ಕಾರದ ನಡುಹಂತ ಕೆಲವು ದಿನಗಳಲ್ಲೋ ತಿಂಗಳುಗಳಲ್ಲೋ ಮುಗಿಯುತ್ತದೆ, ಆಚೆಗೆ ಬಂದವನನ್ನು ಊರು ಬರಮಾಡಿಕೊಳ್ಳುತ್ತದೆ. ಅಂಗವಿಕಲರನ್ನು ಸಮಾಜ ಆ ಹೊಸ್ತಿಲಲ್ಲಿಯೇ ನಿಲ್ಲಿಸಿಬಿಡುತ್ತದೆ. ಹಲವರು ಹೇಳಲಾಗದೆ ಅನುಭವಿಸುತ್ತಿದ್ದುದನ್ನು ಈ ವಾದ ಸ್ಪಷ್ಟವಾಗಿ ಮುಂದಿಟ್ಟಿತು ಎಂದು ನನಗೆ ಅನ್ನಿಸುತ್ತದೆ.

ಪುಸ್ತಕದ ವಿಷಾದ ಎಲ್ಲರಿಗೂ ಒಪ್ಪಿಗೆಯಾಗಲಾರದು. ನಡುವಯಸ್ಸಿನಲ್ಲಿ ಚಲನೆ ಕಳೆದುಕೊಂಡವರ ಅನುಭವ ಹುಟ್ಟಿನಿಂದಲೇ ಅಂಗವಿಕಲರಾದವರದ್ದಲ್ಲ. ಸಂಘಟಿತ ಹೋರಾಟದಿಂದ ಬರುವ ಆತ್ಮವಿಶ್ವಾಸವೂ ಅಲ್ಲಿ ನನಗೆ ಕಡಿಮೆಯೇ ಕಂಡಿತು. ಅಮೆರಿಕದ ಅಂಗವಿಕಲರ ಹಕ್ಕುಗಳ ಕಾಯ್ದೆಗೆ 1990ರ ಜುಲೈನಲ್ಲಿ ಸಹಿ ಬಿತ್ತು. ಮರ್ಫಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಪುಸ್ತಕದ ಆರಂಭದ ವೈದ್ಯಕೀಯ ವಿವರಗಳು ಭಾರವೆನಿಸಿದರೆ ದೇಹ ಮತ್ತು ಸಮಾಜವನ್ನು ಕುರಿತ ನಡುವಿನ ಅಧ್ಯಾಯಗಳನ್ನು ಮೊದಲು ಓದಿ, ಆಮೇಲೆ ಹಿಂದಕ್ಕೆ ಬನ್ನಿ.