‘ಎ ಡಾರ್ಕ್ ರೂಮ್’ ಆಟದಲ್ಲಿ ಮುಂದೆ ದಾರಿಯೇ ಕಾಣುತ್ತಿಲ್ಲ. ಯೂಟ್ಯೂಬ್‌ನಲ್ಲಿ ಉತ್ತರ ನೋಡಿಬಿಡಲೇ?

ಬೇಡ. ಈ ಆಟದಲ್ಲಿ ಇರುವುದೇ ಕಂಡುಕೊಳ್ಳುವ ಸುಖ. ಅದನ್ನೂ ಇನ್ಯಾರೋ ಮಾಡಿಕೊಟ್ಟರೆ ನಿಮಗೆ ಉಳಿಯುವುದು ಗುಂಡಿ ಒತ್ತುವ ಬಿಟ್ಟಿ ಕೂಲಿ.

ಗುಡಿಸಲು ಕಟ್ಟಿದೆ, ಬೋನು ಇಟ್ಟೆ, ಆಮೇಲೆ ಏನೂ ಆಗುತ್ತಿಲ್ಲ ಎಂದು ಬರೆದಿದ್ದೀರಿ. ಆಗುತ್ತಿದೆ, ನಿಮಗೆ ತಾಳ್ಮೆ ಸಾಲುತ್ತಿಲ್ಲ ಅಷ್ಟೆ. 2013ರಲ್ಲಿ ಮೈಕೆಲ್ ಟೌನ್‌ಸೆಂಡ್ ಬ್ರೌಸರ್‌ಗೆಂದೇ ಬರೆದ ಈ ಆಟ ಶುರುವಾಗುವುದು ಆರಿದ ಬೆಂಕಿ, ಕೊರೆಯುವ ಚಳಿ ಮತ್ತು ಒಂದೇ ಒಂದು ಗುಂಡಿಯಿಂದ. ಚಿತ್ರವಿಲ್ಲ, ನಿಯಮ ಹೇಳುವವರಿಲ್ಲ. ಬೆಂಕಿ ಹಚ್ಚಿದರೆ ನಡುಗುತ್ತ ಯಾರೋ ಒಳಗೆ ಬಂದು ಮೂಲೆಯಲ್ಲಿ ಕುಸಿಯುತ್ತಾರೆ. ಮೈ ಬೆಚ್ಚಗಾದ ಮೇಲೆ ಆಕೆ, ತನಗೆ ಕಟ್ಟುವ ಕೆಲಸ ಬರುತ್ತದೆ ಎನ್ನುತ್ತಾಳೆ. ಹೊಸ ಗುಂಡಿಗಳು ಅಲ್ಲಿಂದ ಒಂದೊಂದಾಗಿ ಮೂಡುತ್ತವೆ. ಏಪ್ರಿಲ್ ಬಿಸಿಲಿನ ರಾಯಚೂರಿನಲ್ಲಿ ಬೆವರು ಒರೆಸಿಕೊಳ್ಳುತ್ತ ಆ ಬೆಂಕಿಗೆ ಕಟ್ಟಿಗೆ ಒಟ್ಟುವ ನನ್ನನ್ನು ನೋಡಿ ನಮ್ಮ ಹಮಾಲರು ನಕ್ಕಿದ್ದೂ ಇದೆ.

ನಾನು ಹತ್ತಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ತೂಕದ ಚೀಟಿ ಬರುವವರೆಗೆ ಪರದೆಯ ಒಂದು ಮೂಲೆಯಲ್ಲಿ ಇದು ತೆರೆದಿರುತ್ತದೆ. ಇದನ್ನು ಹೀಗೆಯೇ ಆಡಬೇಕು ಎಂಬುದು ನನ್ನ ಅಭಿಪ್ರಾಯ. ಎರಡು ಬಿಲ್ ಮುಗಿಸಿ ಬರುವಷ್ಟರಲ್ಲಿ ಗುಡಿಸಲಿಗೆ ಹೊಸಬರು ಬಂದಿರುತ್ತಾರೆ, ಕಟ್ಟಿಗೆ ಕೂಡಿರುತ್ತದೆ. ಎದುರಿಗೇ ಕುಳಿತು ದಿಟ್ಟಿಸಿದರೆ ಬೇಸರ ಖಂಡಿತ.

ಇಷ್ಟು ಮಾತ್ರ ಹೇಳುತ್ತೇನೆ: ಟ್ರೇಡಿಂಗ್ ಪೋಸ್ಟ್ ಕಟ್ಟಿಸಿ. ಅಲ್ಲಿ ದಿಕ್ಸೂಚಿ ಮಾರಾಟಕ್ಕಿದೆ. ಬೆಲೆ 400 ತುಪ್ಪಳ, 20 ಹುರುಪೆ, 10 ಹಲ್ಲು. ಎಲ್ಲವೂ ಬೋನಿನಲ್ಲೇ ಸಿಗುವಂಥವು. ಅದು ಕೈಗೆ ಬಂದ ಮೇಲೆ ನೀವು ಇಷ್ಟು ದಿನ ಆಡಿದ್ದು ಬರೀ ಹೊಸ್ತಿಲು ಎಂದು ತಿಳಿಯುತ್ತದೆ. ಆಚೆಗೆ ನಡೆದು ನೋಡಲು ತೆರೆದುಕೊಳ್ಳುವುದು ಅಕ್ಷರ, ಚುಕ್ಕಿಗಳಲ್ಲೇ ಹರಡಿದ ದೊಡ್ಡ ಬಯಲು. ಮೊದಲಿಗೆ ನಿಮ್ಮ ಬಳಿ ಇರುವ ನೀರು 10; ಹೆಜ್ಜೆಗೆ ಒಂದು ಖರ್ಚು. ಎರಡು ಹೆಜ್ಜೆಗೆ ಒಂದು ತುಂಡು ಒಣಮಾಂಸ. ಹೋಗುವಾಗಲೇ ಬರುವ ಹೆಜ್ಜೆಗಳನ್ನೂ ಲೆಕ್ಕ ಹಿಡಿಯಿರಿ. ಬೇಸಿಗೆಯಲ್ಲಿ ಕೊಡ ಎಣಿಸಿ ಬಳಸುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಡುದಾರಿಯಲ್ಲಿ ಬಿದ್ದರೆ ಜೊತೆಗೆ ಒಯ್ದದ್ದೆಲ್ಲ ಹೋಗುತ್ತದೆ, ಊರು ಮಾತ್ರ ಉಳಿಯುತ್ತದೆ.

ಆ ಬಯಲಿನಲ್ಲಿ ಏನಿದೆ, ಆಟ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ನನ್ನ ಬಾಯಿಂದ ಹೊರಡಿಸಲಾರಿರಿ. ಯೂಟ್ಯೂಬ್‌ನ ವಿಡಿಯೊಗಳಲ್ಲಿ ಮುಖಪುಟದ ಚಿತ್ರವೇ ಗುಟ್ಟು ಬಿಟ್ಟುಕೊಡಬಹುದು, ಹಾಗಾಗಿ ಹುಡುಕಲೂ ಹೋಗಬೇಡಿ. ಇಂಗ್ಲಿಷ್ ಪದವೊಂದು ತಿಳಿಯದಿದ್ದರೆ ನಿಘಂಟು ನೋಡಿ, ಅದಕ್ಕೆ ನನ್ನ ಅಭ್ಯಂತರವಿಲ್ಲ.

ಇನ್ನೊಂದು ಮಾತು. ನಿಮ್ಮ ಆಟ ಉಳಿಯುವುದು ಆ ಕಂಪ್ಯೂಟರಿನ ಆ ಬ್ರೌಸರಿನೊಳಗೆ ಮಾತ್ರ. ಯಾರಾದರೂ ಬ್ರೌಸರಿನ ಡೇಟಾ ಅಳಿಸಿದರೆ ಊರೆಲ್ಲ ಮಾಯ. ಪುಟದ ಕೆಳಗೆ ‘ಸೇವ್’ ಎಂದಿದೆ. ಅದನ್ನು ಒತ್ತಿ ಎಕ್ಸ್‌ಪೋರ್ಟ್ ಮಾಡಿದರೆ ಉದ್ದನೆಯ ಅಕ್ಷರಮಾಲೆಯೊಂದು ಬರುತ್ತದೆ. ಅದನ್ನು ನಕಲಿಸಿ ನಿಮಗೇ ಒಂದು ಇಮೇಲ್ ಕಳುಹಿಸಿಕೊಳ್ಳಿ, ಇವತ್ತೇ.