ಮಗಳು ಡಾಕ್ಟರ ಬಳಿ ಏನು ಹೇಳಿದಳು?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ. ಮಗಳಿಗೆ 16, ಪ್ಲಸ್ ವನ್. ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಅಂತ ಕಾಸರಗೋಡಿನಲ್ಲಿ ಮನೋವೈದ್ಯರಿಗೆ ತೋರಿಸಿದೆ. ಅವರು ನನ್ನನ್ನು ಹೊರಗೆ ಕೂರಿಸಿ ಅವಳ ಹತ್ತಿರ ಮಾತಾಡಿದರು. ಡಾಕ್ಟರದು ಮಲಯಾಳ, ನರ್ಸ್ ಒಬ್ಬರು ಕನ್ನಡದಲ್ಲಿ ಕೇಳಿ ಹೇಳಿದರಂತೆ. ಏನು ವಿಷಯ ಅಂತ ನಾನು ಕೇಳಿದರೆ ಡಾಕ್ಟರು, "ಅವಳೇ ಹೇಳಲಿ" ಅಂದರು. ದುಬೈಯಲ್ಲಿರುವ ಯಜಮಾನರಿಗೆ ಸಿಟ್ಟು. ಮುಂದಿನ ಸಲ ಮಲಯಾಳ ಬರುವ ಅವಳ ಚಿಕ್ಕಮ್ಮನನ್ನು ಒಳಗೆ ಕಳಿಸು, ಎಲ್ಲ ತಿಳಿಯುತ್ತದೆ ಅಂತಾರೆ. ಸರಿಯಾ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಚಿಕ್ಕಮ್ಮ ಎದುರಿಗಿದ್ದರೆ ಮಗಳು ಅರ್ಧ ಮಾತು ನುಂಗಿಕೊಳ್ಳುತ್ತಾಳೆ. ಉಳಿದದ್ದರಲ್ಲಿ ತನಗೆ ಮುಜುಗರವಾದದ್ದನ್ನು ಚಿಕ್ಕಮ್ಮ ಬಿಟ್ಟು ಹೇಳುತ್ತಾರೆ. ಡಾಕ್ಟರಿಗೆ ಕಾಯಿಲೆ ತಿಳಿಯುವುದು ಹೇಗೆ? ಅದೇ ನರ್ಸನ್ನು ಕೇಳಿ ಪಡೆಯಿರಿ, ಗುಟ್ಟು ಕಾಯುವುದು ಅವರಿಗೂ ಕೆಲಸದ ಭಾಗ. ಆಗದಿದ್ದರೆ ಮಂಗಳೂರಿನಲ್ಲಿ ಕನ್ನಡ, ತುಳು ಬಲ್ಲ ವೈದ್ಯರಿದ್ದಾರೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು, ಕನ್ನಡವನ್ನೇ ಆರಿಸಬಹುದು.

ನಿಮಗೆ ಹಕ್ಕೇ ಇಲ್ಲ ಅಂತಲ್ಲ. 18 ತುಂಬುವವರೆಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೆತ್ತವರನ್ನೇ ಅವಳ ಪ್ರತಿನಿಧಿಯಾಗಿ ನೋಡುತ್ತದೆ. ಕಾಯಿಲೆ ಏನು, ಮಾತ್ರೆ ಯಾವುದು, ಮನೆಯಲ್ಲಿ ಏನು ಗಮನಿಸಬೇಕು, ಎಲ್ಲ ಕೇಳಿ. ಅದೇ ಕಾಯ್ದೆ ರೋಗಿಯ ಗುಟ್ಟು ಕಾಯಬೇಕು ಅಂತಲೂ ಹೇಳುತ್ತದೆ. ಪ್ರತಿನಿಧಿಗೆ ತನ್ನ ಹೊಣೆ ನಿಭಾಯಿಸಲು ಬೇಕಾದಷ್ಟನ್ನು ತಿಳಿಸಬಹುದು. ಅವಳು ಯಾರನ್ನು ನೆನೆದು ಅತ್ತಳು ಅನ್ನುವುದು ಅದರಲ್ಲಿ ಸೇರುವುದಿಲ್ಲ, ಅಲ್ವಾ?

ನಿಮ್ಮ ಭಯ ನನಗೆ ಅರ್ಥವಾಗುತ್ತದೆ: ದೊಡ್ಡದೇನೋ ಮುಚ್ಚಿಟ್ಟಿದ್ದಾರೋ ಅಂತ. ಜೀವಕ್ಕೆ ಅಪಾಯ ಕಂಡರೆ ಡಾಕ್ಟರು ಗುಟ್ಟು ಬಿಡಬಹುದು, ಕಾಯ್ದೆಯೇ ಅದಕ್ಕೆ ಅವಕಾಶ ಕೊಟ್ಟಿದೆ. ಯಾರಾದರೂ ಲೈಂಗಿಕವಾಗಿ ಹಿಂಸಿಸಿದ್ದು ತಿಳಿದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯಂತೆ ಅವರು ಪೊಲೀಸರಿಗೆ ಹೇಳಲೇಬೇಕು. ಮುಂದಿನ ಸಲ ಮಗಳ ಎದುರಿಗೇ ಕೇಳಿ: "ಯಾವುದನ್ನು ನನಗೆ ಹೇಳುತ್ತೀರಿ, ಯಾವುದನ್ನು ಹೇಳುವುದಿಲ್ಲ?" ಗೆರೆ ಎಲ್ಲಿದೆ ಅಂತ ಅವಳಿಗೂ ಗೊತ್ತಿರಲಿ.

ಯಜಮಾನರಿಗೆ ಇಷ್ಟು ಹೇಳಿ. ಫೋನಿನಲ್ಲಿ ವಿಚಾರಣೆ ಬೇಡ, "ರಾತ್ರಿ ನಿದ್ದೆ ಬಂತಾ ಮಗಾ" ಅಂತ ಕೇಳಿದರೆ ಸಾಕು. ಸಿಟ್ಟಿನಲ್ಲಿ ಚಿಕಿತ್ಸೆ ನಿಲ್ಲಿಸಿದರೆ ಅವಳು ಇನ್ನು ಯಾರ ಹತ್ತಿರವೂ ಬಾಯಿ ಬಿಡದೇ ಇರಬಹುದು.

ಸದ್ಯಕ್ಕೆ ತೋಟದ ಔಷಧಿ, ಮನೆಯ ಮಾತ್ರೆಗಳನ್ನು ಬೀಗ ಹಾಕಿಡಿ. ಸಾಯುವ ಮಾತೇನಾದರೂ ಆಡಿದರೆ ಮುಂದಿನ ತಾರೀಕಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.